ಗುರುಮಲ್ಲ ಸಿಡಿ ಪ್ಲೇಯರ್ ರಿಪೇರಿ ಮಾಡಿದ್ದು

ನಮ್ಮೂರಲ್ಲಿ ಬುದ್ಧಿವಂತರಿಗೇನೂ ಬರ ಇಲ್ಲ. ಅವರ ಸುದ್ದಿ ಹೇಳಿದ್ರೆ ನಿಮಗೆ ಆಕಳಿಕೆ ಬರುತ್ತೆ. ಅದಕ್ಕೇ ಗುರುಮಲ್ಲನ ಸುದ್ದಿ ಹೇಳ್ತೀನಿ, ಕೇಳಿ.

ಗುರುಮಲ್ಲ ಮೈಕ್ ಸೆಟ್ ಚೆನ್ನಾಜಮ್ಮನ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ತೊಂದರೆ. ಅವನಪ್ಪ ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಬಾಗಿಲು ತೆಗೆದದ್ದೇ ಕಮ್ಮಿ. ಉಳಿದಿದ್ದು ಎರಡು ಸ್ಪೀಕರು, ಮಣೆಯಷ್ಟಗಲದ ಒಂದು ಹಳೇ ಸಿಡಿ ಪ್ಲೇಯರು. ಅದೂ ಕೆಟ್ಟು ಕೂತಿತ್ತು.

ಒಂದಿನ ಎದುರು ಬೀದಿ ಸಿದ್ದಮ್ಮಣ್ಣಿ ಬಂದರು. "ಶುಕ್ರವಾರ ಮೊಮ್ಮಗನ್ನ ತೊಟ್ಟಿಲಿಗೆ ಹಾಕ್ತೀವಿ. ಜೋಗುಳದ ಸಿಡಿ ಹಾಕಬೇಕು, ನಿಮ್ಮ ಸೆಟ್ಟೇ ಇರಲಿ ಕಣವ್ವ" ಅಂದರು.

ಅವರು ಹೋದಮೇಲೆ ಚೆನ್ನಾಜಮ್ಮ ಮಗನ್ನ ಮುಂದೆ ಕೂರಿಸಿಕೊಂಡಳು. "ಮಗ, ಇದು ಹಾಡಿದ್ರೆ ನಿಮ್ಮಪ್ಪನ ಅಂಗಡಿ ಉಳೀತದೆ. ಹಾಡದಿದ್ರೆ ಎಲ್ಲಾನೂ ಗುಜರಿಗೆ ಹಾಕ್ಬಿಡ್ತೀನಿ. ನೀನೇ ರಿಪೇರಿ ಮಾಡಬೇಕು. ನಾನಿಲ್ಲದ ಕಾಲಕ್ಕೆ ನಿನ್ನ ಕೈಗೊಂದು ಕೆಲಸ ಬೇಡವೇನೋ?"

"ಆಗಲಿ ಕಣವ್ವ."

ಬಿಚ್ಚು ಅಂದಳು, ಬಿಚ್ಚಿದ. ಸ್ಕ್ರೂ ಎಲ್ಲಾ ಅಂಗಳಕ್ಕೆ ಉದುರಿದವು, ಕೋಳಿಗಳು ಕೆದರಿ ಮಣ್ಣುಪಾಲು ಮಾಡಿದವು. ಬಸ್ ಸ್ಟ್ಯಾಂಡ್ ಹತ್ರ ರೇಡಿಯೋ ರಿಪೇರಿ ಮಾಡೋ ಖಲೀಲಣ್ಣನ ಹತ್ರ ಬೇರೆ ಸ್ಕ್ರೂ ಇಸ್ಕೊಂಡು ಬಾ ಅಂತ ಕಳಿಸಿದಳು. ಇಸ್ಕೊಂಡ. ಅಂಗೈಲಿ ಇಟ್ಕೊಂಡ. ದಾರೀಲಿ ಸಿಕ್ಕ ದೊಡ್ಡೋರಿಗೆಲ್ಲ ಕೈ ಮುಗಿದುಕೊಂಡು ಬಂದ. ಮನೆ ಮುಟ್ಟೋ ಹೊತ್ತಿಗೆ ಕೈ ಖಾಲಿ.

"ಪೆದ್ದಮುಂಡೇದೆ, ಅಂಥದ್ದನ್ನ ಪಂಚೆ ತುದೀಲಿ ಗಂಟು ಹಾಕ್ಕೊಂಡು ಬರಬೇಕು!"

"ಆಗಲಿ ಕಣವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಸ್ಕ್ರೂನ ಅವಳೇ ಹೋಗಿ ತಂದಳು. ನೋಡಿದ್ರೆ ಒಳಗೆ ಸಿಡಿ ತಿರುಗಿಸೋ ಚಕ್ರ ಬಿಗಿದುಕೊಂಡಿದೆ. ಖಲೀಲಣ್ಣನ ಹತ್ರ ಒಂದು ತೊಟ್ಟು ಮೆಷಿನ್ ಎಣ್ಣೆ ತಾ ಅಂದಳು. ಗುರುಮಲ್ಲ ಎಣ್ಣೇನ ಪಂಚೆ ತುದೀಗೆ ಹುಯ್ಸಿಕೊಂಡು ಗಟ್ಟಿಯಾಗಿ ಗಂಟು ಹಾಕ್ಕೊಂಡು ಬಂದ. ಬೀದಿ ಉದ್ದಕ್ಕೂ ಎಣ್ಣೆ, ಕಾಲ ಮೇಲೆಲ್ಲ ಎಣ್ಣೆ.

"ಎಣ್ಣೇನ ಹಿಂಗೇನೋ ತರೋದು? ಮೇಲೊಂದು ತಟ್ಟೆ ಮುಚ್ಚಿ, ಎರಡು ಕೈಲೂ ಹಿಡಿದು, ಒಂಚೂರೂ ಅಲ್ಲಾಡದ ಹಾಗೆ ಮೆಲ್ಲಗೆ ತರಬೇಕು."

"ಆಗಲಿ ಕಣವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಪಂಚೆ ಹಿಂಡಿದ್ರೆ ನಾಲ್ಕು ತೊಟ್ಟು ಬಿತ್ತು, ಅಷ್ಟೇ ಸಾಕಾಯ್ತು. ಚಕ್ರ ಸಡಿಲ ಆಯ್ತು, ಆದರೂ ಹಾಡು ಬರಲಿಲ್ಲ. "ಹೋಗಿ ಖಲೀಲಣ್ಣನ್ನೇ ಕರ್ಕೊಂಡು ಬಾ" ಅಂದಳು.

ಕರ್ಕೊಂಡು ಬಂದ. ಹೆಂಗೆ ಅಂತೀರಿ? ಆ ವಯಸ್ಸಾದ ಮನುಷ್ಯನ ತಲೆ ಮೇಲೊಂದು ಊಟದ ತಟ್ಟೆ ಮುಚ್ಚಿ, ಎರಡು ಕೈಲೂ ಭುಜ ಹಿಡಿದು, "ಅಲ್ಲಾಡಬೇಡಿ, ಅಲ್ಲಾಡಬೇಡಿ" ಅಂತ ಪೇಟೆ ಬೀದೀಲಿ ಮೆಲ್ಲಗೆ ನಡೆಸಿಕೊಂಡು ಬಂದ. ನಗಬೇಡಿ. ಅಮ್ಮ ಹೇಳಿದ್ದನ್ನ ಇಷ್ಟು ಚೆನ್ನಾಗಿ ನಡೆಸೋ ಮಗ ನಿಮ್ಮನೇಲಿ ಇದ್ದಾನಾ?

ಖಲೀಲಣ್ಣ ತಟ್ಟೆ ಕೆಳಗಿಟ್ಟು ಪ್ಲೇಯರ್ ನೋಡಿದರು. "ರಿಪೇರಿ ಆಗೋಗಿದೆ ತಾಯಿ. ಮುಚ್ಚಳದ ಕೊಂಡಿ ಸವೆದಿದೆ, ಅದಕ್ಕೇ ಸರಿಯಾಗಿ ಮುಚ್ಕೋತಿಲ್ಲ. ಮೇಲೇನಾದ್ರೂ ಭಾರ ಇಟ್ರೆ ಹಾಡ್ತದೆ" ಅಂತ ಅಂಗೈಲಿ ಒತ್ತಿದರು. ಹಾಡು ಬಂತು. ಚೆನ್ನಾಜಮ್ಮನ ಕಣ್ಣಲ್ಲಿ ನೀರು ಬಂತು.

ಗುರುಮಲ್ಲ ಓಡಿಹೋಗಿ ರುಬ್ಬೋ ಗುಂಡು ಹೊತ್ತುಕೊಂಡು ಬಂದ.

"ಅಯ್ಯೋ, ಕಲ್ಲಿಟ್ರೆ ಒಡೆದೋಗುತ್ತೆ! ಮೆತ್ತಗೆ ಇರಬೇಕು, ಬಟ್ಟೆ ಸುತ್ತಿರಬೇಕು, ಬೀಳದ ಹಾಗೆ ಕೈಲಿ ಹಿಡ್ಕೊಂಡಿರಬೇಕು. ಏನಾದ್ರೂ ಆಗಲಿ, ಹಾಡು ಮಾತ್ರ ನಿಲ್ಲಬಾರದು" ಅಂದಳು ಚೆನ್ನಾಜಮ್ಮ.

"ಆಗಲಿ ಕಣವ್ವ, ಹಂಗೇ ಮಾಡ್ತೀನಿ."

ಶುಕ್ರವಾರ ಬಂತು. ನಮ್ಮ ಕಡೆ ಶಾಸ್ತ್ರ ನಿಮಗೆ ಗೊತ್ತಲ್ಲ, ಕೂಸಿಗಿಂತ ಮುಂಚೆ ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕ್ತಾರೆ. ಚಾಪೆ ಮೇಲೆ ಗುಂಡುಕಲ್ಲೂ ಇತ್ತು, ಪಕ್ಕದಲ್ಲಿ ಕೂಸೂ ಇತ್ತು, ಎರಡಕ್ಕೂ ಕುಲಾವಿ. ಹೆಂಗಸರು ಆರತಿ ತರೋಕೆ ಒಳಗೆ ಹೋದರು. ಗುರುಮಲ್ಲ ಭಾರ ಹುಡುಕ್ತಾ ಬಂದು ಎರಡನ್ನೂ ಮುಟ್ಟಿ ನೋಡಿದ. ಇದು ಕಲ್ಲು, ಅವ್ವ ಬೇಡ ಅಂದಿದಾಳೆ. ಇದು ಮೆತ್ತಗಿದೆ, ಬಟ್ಟೇನೂ ಸುತ್ತಿದೆ.

ಜೋಗುಳ ಶುರುವಾಯ್ತು. ಹೆಂಗಸರು ಬಂದು, ಕಲ್ಲಿನ ಶಾಸ್ತ್ರ ಯಾರೋ ಮುಗಿಸಿದ್ದಾರೆ ಅಂದ್ಕೊಂಡು, ಚಾಪೆ ಮೇಲೆ ಉಳಿದಿದ್ದನ್ನೇ ಕೂಸು ಅಂತ ತೊಟ್ಟಿಲಿಗೆ ಹಾಕಿ ತೂಗಿದರು. ಸೋದರತ್ತೆ ಬಗ್ಗಿ ಹೆಸರು ಹೇಳಿದಳು, "ಮಾದೇಶ, ಮಾದೇಶ." ಕೆನ್ನೆ ಸವರಿದ್ರೆ ಗುಂಡುಕಲ್ಲು.

ಮನೆಯೆಲ್ಲ ಹುಡುಕಾಟ. ನೋಡಿದ್ರೆ ಹೊರಗೆ ಜಗಲೀಲಿ ಕೂಸು ಪ್ಲೇಯರ್ ಮೇಲೆ ಮಲಗಿ ಕೈಕಾಲು ಆಡಿಸ್ತಿದೆ, ಗುರುಮಲ್ಲ ಎರಡು ಕೈಲೂ ಹಿಡ್ಕೊಂಡು ಕೂತಿದ್ದಾನೆ. ಚೆನ್ನಾಜಮ್ಮ ಓಡಿ ಬಂದಳು.

"ಕೂಸು ಇರಬೇಕಾದ್ದು ತೊಟ್ಟಿಲಲ್ಲಿ ಕಣೋ! ತೊಟ್ಟಿಲಿಗೆ ಹಾಕು!"

ತೊಟ್ಟಿಲಿಗೆ ಹಾಕಬೇಕು, ಹಾಡೂ ನಿಲ್ಲಬಾರದು. ಗುರುಮಲ್ಲ ಪ್ಲೇಯರನ್ನ ಕೂಸಿನ ಸಮೇತ ಮೆಲ್ಲಗೆ ಎತ್ತಿ, ಒಂಚೂರೂ ಅಲ್ಲಾಡದ ಹಾಗೆ ತೊಟ್ಟಿಲಿಗೆ ಇಟ್ಟ. ತೊಟ್ಟಿಲೇ ಜೋಗುಳ ಹಾಡಿತು. ಕೂಸು ಕೇಕೆ ಹಾಕಿ ನಕ್ಕಿತು. ಸಿದ್ದಮ್ಮಣ್ಣಿ ನಕ್ಕು ನಕ್ಕು ಸಾಕಾಗಿ, "ಮುಂದಿನ ಮೊಮ್ಮಗಂಗೂ ನೀನೇ ಬರಬೇಕು ಕಣಪ್ಪ" ಅಂದರು.

ಬೈಯೋಕೆ ಅಂತ ಬಾಯಿ ತೆಗೆದ ಚೆನ್ನಾಜಮ್ಮನೂ ನಕ್ಕುಬಿಟ್ಟಳು.

"ಅವ್ವ, ಮುಂದಿನ ಸಲ ಹೆಂಗೆ ಮಾಡ್ಲಿ?"

"ಹಿಂಗೇ ಮಾಡು ನನ್ನಪ್ಪ."

ಮಾರನೇ ದಿನ ಅಂಗಡಿ ಬಾಗಿಲು ತೆಗೆದರು. ಮದುವೆ ಹುಡುಗಿಯ ಅಪ್ಪ ಒಬ್ಬರು ಬಂದು, "ಮಗಳ ಮದುವೆ, ಸೆಟ್ ಬೇಕಿತ್ತಲ್ಲ" ಅಂದರು.

ಗುರುಮಲ್ಲ ಎದ್ದು ನಿಂತು ಕೈ ಮುಗಿದ. "ಅದಕ್ಕೇನಂತೆ, ಬರ್ತೀವಿ. ಸೆಟ್ ನಮ್ಮದು. ಕೂಸು ಮಾತ್ರ ಹೆಣ್ಣಿನ ಕಡೆಯೋರೇ ತರಬೇಕು."