ಕಡುಗೆಂಪು ಫಿಲ್ಟರ್, ತಿಳಿಗೆಂಪು ಫಿಲ್ಟರ್

ದೂರದ ಕೆಂಪು ನೀಹಾರಿಕೆಯ ಫೋಟೊಗೆಂದು ಬೆಟ್ಟ ಹತ್ತಿದ ಫಿಲ್ಮ್ ಸುರುಳಿಯಲ್ಲಿ ಎರಡೇ ಚಿತ್ರಕ್ಕೆ ಜಾಗ ಉಳಿದಿತ್ತು.

"ಊರಿನ ದೀಪದ ಬೆಳಕನ್ನು ಒಂದು ಚೂರೂ ಒಳಗೆ ಬಿಡಲ್ಲ," ಎನ್ನುತ್ತಾ ಕಡುಗೆಂಪು ಫಿಲ್ಟರ್ ಲೆನ್ಸಿನ ಮುಂದೆ ಹೋಗಿ ನಿಂತಿತು. ಒಂದು ಗಂಟೆ ಕಾದರೂ ಫಿಲ್ಮಿಗೆ ಏನೂ ಕಾಣಿಸಲಿಲ್ಲ.

"ಇನ್ನೊಂದು ಚಿತ್ರವೂ ಹಾಳಾದರೆ ನಾನು ಬಂದಿದ್ದೇ ದಂಡ," ಎಂದು ಫಿಲ್ಮ್ ಅಳುವುದೊಂದು ಬಾಕಿ.

ತಿಳಿಗೆಂಪು ಫಿಲ್ಟರ್ ಮೆಲ್ಲಗೆ ಕೇಳಿತು: "ತಂಗಿ, ನಿನಗೆ ಎಂಥ ಕೆಂಪು ಕಾಣುತ್ತೆ?"

"ತೀರಾ ಕಡುಗೆಂಪು ಕಾಣಲ್ಲಕ್ಕ. ಇದನ್ನ ಯಾರೂ ಕೇಳೇ ಇರಲಿಲ್ಲ!"

"ಅವಳು ಒಳಗೆ ಬಿಡೋದು ಕಡುಗೆಂಪನ್ನು ಮಾತ್ರ. ಹಾಗಾದರೆ ಈ ಸಲ ತಿಳಿಗೆಂಪನ್ನೂ ಬಿಡುವ ನಾನು ನಿಲ್ಲುತ್ತೇನೆ."

ಫಿಲ್ಮ್ ತೊಳೆದಾಗ ಎರಡನೆಯ ಚಿತ್ರದ ತುಂಬ ನೀಹಾರಿಕೆ ಹರಡಿಕೊಂಡಿತ್ತು.

"ಮೂಲೆಯಲ್ಲಿ ದೀಪದ ಬೆಳಕು ನುಗ್ಗಿದೆ ನೋಡು!" ಎಂದಿತು ಕಡುಗೆಂಪು.

ಫಿಲ್ಮ್ ನಕ್ಕಿತು: "ನುಗ್ಗಲಿ ಬಿಡಕ್ಕ. ನೀನು ಬಾಗಿಲು ಕಾದಾಗ ಕಳ್ಳರೂ ಬರಲಿಲ್ಲ, ನೆಂಟರೂ ಬರಲಿಲ್ಲ."