ಹ್ಯಾಟೆಯ ಕಾಲಿನ ಹಗ್ಗ

ಹೊಳೆದಂಡೆಯ ಮಠದಲ್ಲಿ ಬೋರಯ್ಯಜ್ಜ ಎಂಬ ಗುರು ಇದ್ದ. ಮಠ ಎಂದರೆ ದೊಡ್ಡದೇನಲ್ಲ. ಒಂದು ಗುಡಿಸಲು, ಒಂದು ಬೇವಿನ ಮರ, ಸುತ್ತ ಮುಳ್ಳುಬೇಲಿ. ಇದ್ದ ಶಿಷ್ಯನೂ ಒಬ್ಬನೇ, ಓಬಳೇಶ.

ಒಂದು ಬೆಳಿಗ್ಗೆ ಬುಟ್ಟಿ ಹೆಣೆಯುವ ಪಾಲಮ್ಮ ತನ್ನ ಹ್ಯಾಟೆಕೋಳಿಯನ್ನೂ ಅದರ ಒಂಬತ್ತು ಮರಿಗಳನ್ನೂ ತಂದು ಅಂಗಳದಲ್ಲಿ ಇಳಿಸಿದಳು.

“ಮಗಳ ಬಾಣಂತನಕ್ಕೆ ಹೊಂಟೀನಿ ಅಜ್ಜಾ. ನಾ ಬರಗಂಟ ನೋಡ್ಕೋ. ನನಗಿರೋ ಬದುಕು ಇಷ್ಟೇಯ.”

ಅಜ್ಜ ಶಿಷ್ಯನ ಕಡೆ ನೋಡಿದ. “ನೀನು ನೋಡ್ಕೋ.”

ವೇದಾಂತ ಕಲಿಯಲು ಬಂದವನ ಪಾಲಿಗೆ ಕೋಳಿ ಕಾಯುವ ಕೆಲಸ ಬಿತ್ತು. ಓಬಳೇಶನಿಗೆ ಬೇಸರವಾಗಲಿಲ್ಲ, ಭಯವಾಯಿತು. ನಿನ್ನ ಕೈಗೆ ಕೊಟ್ಟದ್ದು ಉಳಿಯೋದಿಲ್ಲ ಎಂದು ಚಿಕ್ಕಂದಿನಿಂದ ಮನೆಯವರು ಹೇಳಿ ಹೇಳಿ, ಅವನೂ ಅದನ್ನು ನಂಬಿಬಿಟ್ಟಿದ್ದ.

ಹೊಸ ಜಾಗಕ್ಕೆ ಬಂದ ಕೋಳಿ ಹಳೇ ಮನೆಗೆ ಓಡಿಹೋಗದಿರಲಿ ಎಂದು ಮೂರು ದಿನ ಕಾಲಿಗೆ ಹಗ್ಗ ಹಾಕುವುದು ಆ ಕಡೆಯ ರೂಢಿ. ಪಾಲಮ್ಮನೇ ಹ್ಯಾಟೆಯನ್ನು ಗೂಟಕ್ಕೆ ಕಟ್ಟಿದಳು. “ಮೂರು ದಿನ ಆದ್ಮೇಲೆ ಬಿಚ್ಚಿಬಿಡಪ್ಪಾ” ಎಂದು ಹೇಳಿ ಹೋದಳು.

ಮೂರು ದಿನ ಕಳೆಯಿತು. ಓಬಳೇಶ ಬಿಚ್ಚಲಿಲ್ಲ. ಬೇಲಿಯಾಚೆ ಮುಂಗುಸಿ ಸುಳಿದಾಡಿದ್ದನ್ನು ಕಂಡಿದ್ದ. ಬೇಲಿಗೆ ಇನ್ನಷ್ಟು ಜಾಲಿಮುಳ್ಳು ಒತ್ತಿದ, ಸಂದಿಗಳಿಗೆ ಕಲ್ಲು ಇಟ್ಟ, ಹಗ್ಗವನ್ನು ಒಂದು ಗೇಣು ಗಿಡ್ಡ ಮಾಡಿದ.

ನಾಲ್ಕನೇ ದಿನ ಮಟಮಟ ಮಧ್ಯಾಹ್ನ ಹದ್ದು ಎರಗಿತು. ಒಂದು ಮರಿ ಹೋಯಿತು. ಮಾರನೇ ದಿನ ಇನ್ನೊಂದು.

ಓಬಳೇಶ ಊಟ ಬಿಟ್ಟ. ಕೋಲು ಹಿಡಿದು ಆಕಾಶ ನೋಡುತ್ತ ಕೂತ. ಮೋಡದ ನೆರಳು ಸರಿದರೂ ಎದ್ದು ಕೋಲು ಬೀಸುತ್ತಿದ್ದ. ಆರನೇ ದಿನ ನೀರು ಕುಡಿಯಲು ಬಗ್ಗಿ ಏಳುವಷ್ಟರಲ್ಲಿ ಮೂರನೆಯದೂ ಹೋಯಿತು.

“ಅಜ್ಜಾ, ಆರೇ ಉಳಿದಾವೆ. ಪಾಲಮ್ಮಂಗೆ ಯಾವ ಮುಖ ತೋರಿಸ್ಲಿ?”

“ಹದ್ದು ಬಂದಾಗ ಹ್ಯಾಟೆ ಏನು ಮಾಡ್ತು?”

“ನೋಡ್ಲಿಲ್ಲ ಅಜ್ಜಾ. ನಾನು ಮೇಲೆ ನೋಡ್ತಿದ್ದೆ.”

ಮಾರನೇ ಮಧ್ಯಾಹ್ನ ಅಜ್ಜ ಇನ್ನೊಂದು ಹಗ್ಗ ತಂದ. ಓಬಳೇಶನ ಕಾಲಿಗೆ ಬಿಗಿದು ಬೇವಿನ ಮರಕ್ಕೆ ಕಟ್ಟಿದ. ಅವನ ಕೈಗೆ ಎಟುಕದಷ್ಟು ದೂರದಲ್ಲಿ ಒಂದು ಹಿಡಿ ನುಚ್ಚು ಚೆಲ್ಲಿದ. ಆರೂ ಮರಿಗಳು ಓಡಿಬಂದು ಬಯಲಲ್ಲಿ ನಿಂತು ಮೇಯತೊಡಗಿದವು.

“ಬಿಚ್ಚು ಅಜ್ಜಾ! ಹದ್ದು ಬರೋ ಹೊತ್ತು ಇದು!”

ಅಜ್ಜ ಇನ್ನೊಂದು ಹಿಡಿ ನುಚ್ಚು ಚೆಲ್ಲಿದ.

ನೆಲದ ಮೇಲೆ ನೆರಳು ಓಡಿತು. ಓಬಳೇಶ ಕಿರುಚುತ್ತ ನುಗ್ಗಿದ. ಹಗ್ಗ ಜಗ್ಗಿ ಮಕಾಡೆ ಬಿದ್ದ. ಅಜ್ಜ ಹೆಗಲ ಕಂಬಳಿ ತೆಗೆದು ಬೀಸಿದಾಗ ಹದ್ದು ಏನೂ ಸಿಗದೆ ಮೇಲೇರಿತು.

ಓಬಳೇಶ ಮಣ್ಣಿನಿಂದ ಮುಖ ಎತ್ತಿದ. ಮಾರು ದೂರದಲ್ಲಿ ಹ್ಯಾಟೆಯೂ ಹಗ್ಗದ ತುದಿಯಲ್ಲಿ ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಜಗ್ಗಿ ಜಗ್ಗಿ ಅದರ ಕಾಲಿನ ಚರ್ಮ ಸುಲಿದು ರಕ್ತ ಕಟ್ಟಿತ್ತು. ಅದನ್ನು ನೋಡಿ ಅವನಿಗೆ ನಾಚಿಕೆಯಾಯಿತು.

ಅಜ್ಜ ಅವನ ಕಾಲು ಬಿಚ್ಚಿದ. ಓಬಳೇಶ ತೆವಳಿಕೊಂಡೇ ಹೋಗಿ ಹ್ಯಾಟೆಯ ಗಂಟಿಗೆ ಬೆರಳು ಹಾಕಿದ.

“ಬಿಚ್ಚಿದ್ಮೇಲೆ ಬೇಲಿ ನುಸುಳಿ ಹೋಗಿಬಿಟ್ರೆ?”

“ಹೋಗಬೌದು.”

“ಮುಂಗುಸಿ ಹಿಡಿದ್ರೆ?”

“ಹಿಡೀಬೌದು.”

ಓಬಳೇಶ ಕಣ್ಣು ಮುಚ್ಚಿ ಗಂಟು ಬಿಚ್ಚಿದ.

ಹ್ಯಾಟೆ ಮೈ ಕೊಡವಿ, ಕುಂಟುತ್ತ ಬೇಲಿಯ ಕಡೆಗೇ ನಡೆಯಿತು. ಮರಿಗಳು ಹಿಂದೆ ಹೋದವು. ಓಬಳೇಶ ಎರಡು ಹೆಜ್ಜೆ ಹಿಂದೆ ಹೋಗಿ ನಿಂತ.

ನೆರಳು ಮತ್ತೆ ಬಂತು.

ಹ್ಯಾಟೆ ಒಮ್ಮೆ ಕೂಗಿತು. ಅವನು ಆವರೆಗೂ ಕೇಳಿರದ ಕೂಗು. ಮರಿಗಳೆಲ್ಲ ಬೇಲಿಯ ಬುಡದ ಮುಳ್ಳಿನೊಳಗೆ ನುಗ್ಗಿದವು. ಹ್ಯಾಟೆ ಕತ್ತಿನ ಪುಕ್ಕ ಕೆದರಿ, ಕಾಲು ಮುಂದೆ ಮಾಡಿ ಹದ್ದಿನ ಎದೆಗೇ ಹಾರಿತು. ಒಂದಿಷ್ಟು ಪುಕ್ಕ ಉದುರಿತು. ಹದ್ದು ಬೇಲಿ ದಾಟಿ ಹೊಳೆಯಾಚೆ ಹೋಯಿತು.

ಮರಿಗಳು ಒಂದೊಂದಾಗಿ ಹೊರಗೆ ಬಂದು ತಾಯಿಯ ರೆಕ್ಕೆಯಡಿ ಸೇರಿದವು. ಓಬಳೇಶ ಎಣಿಸಿದ. ಆರೂ ಇದ್ದವು. ಅಲ್ಲೇ ಕುಕ್ಕರಿಸಿ ಅತ್ತ.

ಸ್ವಲ್ಪ ಹೊತ್ತಿಗೆ ಮತ್ತೆ ಆಕಾಶ ನೋಡಿದ.

“ಅಜ್ಜಾ, ನಾಳೆ ಮತ್ತೆ ಬಂದ್ರೆ?”

“ಬತ್ತದೆ” ಅಂದ ಅಜ್ಜ. “ಆ ಹಗ್ಗ ಇತ್ತ ಕೊಡು. ಸೌದೆ ಕಟ್ಟಬೇಕು.”