ಒಂದೇ ಅಚ್ಚಿನ ಅಕ್ಕತಂಗಿ

ಎರಡೊಡಲಿನ ಹಾಯಿದೋಣಿಗಳ ಪಂದ್ಯದಲ್ಲಿ ಎಲ್ಲ ದೋಣಿಗಳೂ ಒಂದೇ ಅಚ್ಚಿನವಾಗಿರಬೇಕು, ಎಳ್ಳಷ್ಟೂ ವ್ಯತ್ಯಾಸ ಕೂಡದು. ಬಿರುಕು ಬಿಟ್ಟು, ತೇಪೆಗಾಗಿ ದಡದಲ್ಲಿ ಕಾಯುತ್ತಿದ್ದ ಹಳೆಯ ದೋಣಿಯ ಬಳಿಗೆ ಓಟದ ದೋಣಿಯೊಂದು ಬಂದಿತು.

“ಅಕ್ಕಾ, ನನ್ನ ಚುಕ್ಕಾಣಿ ಮುರಿದಿದೆ. ಹೊಸದರ ಬೆಲೆ ಕೇಳಿದರೇ ತಲೆ ತಿರುಗುತ್ತದೆ. ನಾವು ಒಂದೇ ಅಚ್ಚಿನವರಲ್ಲವೇ? ನಿನ್ನದನ್ನು ಕೊಡು.”

ಅಕ್ಕಾ ಎಂಬ ಮಾತಿಗೇ ಹಳೆಯದು ಕರಗಿಹೋಯಿತು. ಚುಕ್ಕಾಣಿ ಕೊಟ್ಟಿತು. ಮುಂದಿನ ಪಂದ್ಯಕ್ಕೆ ಹಾಯಿ, ಅದರ ಮುಂದಿನದಕ್ಕೆ ಹಾಯಿಕಂಬವನ್ನೂ ಬಿಚ್ಚಿಕೊಟ್ಟಿತು.

ಕೊನೆಗೊಂದು ದಿನ ಅದರ ಬಿರುಕಿಗೆ ತೇಪೆ ಬಿತ್ತು. “ತಂಗೀ, ಈ ಸಲ ನಾನೂ ಪಂದ್ಯಕ್ಕೆ ಬರುತ್ತೇನೆ,” ಎಂದಿತು.

ಗೆಲುವಿನ ಹಾರ ಹಾಕಿಕೊಂಡಿದ್ದ ತಂಗಿ ಅದನ್ನು ಮೇಲಿಂದ ಕೆಳಗೆ ನೋಡಿತು.

“ಹೇಗೆ ಬರುತ್ತೀ? ಚುಕ್ಕಾಣಿಯಿಲ್ಲ, ಹಾಯಿಯಿಲ್ಲ, ಕಂಬವಿಲ್ಲ. ನೀನು ನಮ್ಮ ಅಚ್ಚಿನವಳೇ ಅಲ್ಲ!”